ಶೇಕಡಾ ಲೆಕ್ಕ: ಬಿಂದುವಿನ ನಂತರದ ಅಂಕಿ ಯಾರ ಪಾಲು?

ಚಳ್ಳಕೆರೆ/ಮೊಳಕಾಲ್ಮುರು: ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಟ್ಟು ಅಂಕ 625. ತೇರ್ಗಡೆಯಾಗಲು ಒಟ್ಟಾರೆ ಶೇ 33 ಅಂಕ ಸಾಕು ಎಂದು ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಜತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಅಂಕದ ಪ್ರತ್ಯೇಕ ಷರತ್ತು ಇದೆ. ಈಗ 625ಕ್ಕೆ ಶೇ 33 ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದರೆ ಬರುವುದು 206.25. ಕಾಲು ಅಂಕ ಎಂಬುದು ಅಂಕಪಟ್ಟಿಯಲ್ಲಿ ಇಲ್ಲ. ಹಾಗಾದರೆ ತೇರ್ಗಡೆಗೆ ಬೇಕಾದುದು 206 ಅಂಕವೋ, 207 ಅಂಕವೋ?

ಸರ್ಕಾರ ಪ್ರಕಟಿಸಿದ ಸಂಖ್ಯೆ 206. ಅದನ್ನು ಮತ್ತೆ ಶೇಕಡಾವಾರಿಗೆ ತಿರುಗಿಸಿದರೆ ಶೇ 32.96 ಆಗುತ್ತದೆ. ದ್ವಿತೀಯ ಪಿಯುಸಿಗೆ ಈ ತೊಡಕಿಲ್ಲ. ಅಲ್ಲಿ 600ಕ್ಕೆ ಶೇ 33 ಎಂದರೆ ಸರಿಯಾಗಿ 198. ಎಸ್ಸೆಸ್ಸೆಲ್ಸಿಯಲ್ಲಿ ಮಾತ್ರ ಕಾಲು ಅಂಕ ಉಳಿದುಕೊಳ್ಳುತ್ತದೆ. ಆ ಕಾಲು ಅಂಕವನ್ನು ಬಿಡಬೇಕೋ ಅಥವಾ ಒಂದು ಅಂಕವಾಗಿ ಏರಿಸಬೇಕೋ ಎಂಬುದರ ಮೇಲೆ, ಗೆರೆಯ ಮೇಲೆ ನಿಂತ ವಿದ್ಯಾರ್ಥಿಯ ಒಂದು ವರ್ಷ ನಿಂತಿರುತ್ತದೆ.

ಶೇಕಡಾ ಲೆಕ್ಕ ಇಂದು ಬದುಕಿನ ಎಲ್ಲ ಕಡೆಯೂ ಇದೆ. ಅಂಕಪಟ್ಟಿ, ಬಡ್ಡಿ, ತೆರಿಗೆ, ಬೆಳೆ ವಿಮೆ, ಮಳೆ ಕೊರತೆ, ಮೀಸಲಾತಿ, ಚುನಾವಣೆ ಎಲ್ಲದರಲ್ಲೂ ಬಿಂದುವಿನ ನಂತರ ಒಂದಷ್ಟು ಅಂಕಿ ಉಳಿಯುತ್ತದೆ. ಅದನ್ನು ಏನು ಮಾಡಬೇಕೆಂಬುದು ಗಣಿತದ ಪ್ರಶ್ನೆಯಂತೆ ಕಂಡರೂ ವಾಸ್ತವದಲ್ಲಿ ಅದು ನಿಯಮದ ಪ್ರಶ್ನೆ. ನಿಯಮವನ್ನು ಮೊದಲೇ ಬರೆದಿಡದಿದ್ದರೆ ಉಳಿದ ಅಂಕಿ ಲೆಕ್ಕ ಬರೆಯುವವನ ಪಾಲಾಗುತ್ತದೆ.

ಎರಡು ವಿಧಾನಗಳು

ಮೊದಲನೆಯದು ಕತ್ತರಿಸುವ ವಿಧಾನ. ಬಿಂದುವಿನ ನಂತರ ಎಷ್ಟೇ ಇರಲಿ, ಅದನ್ನು ಬಿಟ್ಟುಬಿಡುವುದು. 72.1 ಕೂಡ 72, 72.9 ಕೂಡ 72. ಆಡುಮಾತಿನಲ್ಲಿ ಇದನ್ನೇ ‘ಚಿಲ್ಲರೆ ಬಿಡುವುದು’ ಎನ್ನುತ್ತೇವೆ.

ಎರಡನೆಯದು ಸಮೀಪದ ಪೂರ್ಣಾಂಕಕ್ಕೆ ತರುವ ವಿಧಾನ. ವ್ಯಾಪಾರಿಗಳು ‘ರೌಂಡ್ ಆಫ್’ ಎನ್ನುವುದು ಇದನ್ನೇ. ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸುವುದು. 72.4 ಎಂದರೆ 72, 72.5 ಎಂದರೆ 73.

ಇವೆರಡರ ಜತೆಗೆ ಮೂರನೆಯ ವಿಧಾನವೂ ಉಂಟು. ಬಿಂದುವಿನ ನಂತರ ಸ್ವಲ್ಪವೇ ಇದ್ದರೂ ಮೇಲಿನ ಪೂರ್ಣಾಂಕಕ್ಕೆ ಏರಿಸುವುದು. ‘ಇಷ್ಟಕ್ಕೆ ಕಡಿಮೆ ಇರಕೂಡದು’ ಎಂಬ ಷರತ್ತು ಇರುವಲ್ಲಿ ಈ ವಿಧಾನವೇ ಸರಿಯಾದದ್ದು.

ಅರ್ಧ ಸರಿಯಾಗಿ ಬಂದಾಗ ಏನು ಮಾಡಬೇಕು ಎಂಬುದರಲ್ಲೂ ಏಕಾಭಿಪ್ರಾಯವಿಲ್ಲ. ಶಾಲೆಯಲ್ಲಿ ಮೇಲಕ್ಕೆ ಏರಿಸಲು ಕಲಿಸುತ್ತಾರೆ. ಭಾರತೀಯ ಮಾನಕ ಐಎಸ್ 2 ಬೇರೆ ರೀತಿ ಹೇಳುತ್ತದೆ. ಅದರಂತೆ ಸರಿಯಾಗಿ ಅರ್ಧವಿದ್ದಾಗ ಸಮಸಂಖ್ಯೆಯ ಕಡೆಗೆ ಹೋಗಬೇಕು. 72.5 ಎಂದರೆ 72, 73.5 ಎಂದರೆ 74. ಅರ್ಧ ಬಂದಾಗಲೆಲ್ಲ ಮೇಲಕ್ಕೇ ಏರಿಸುತ್ತಾ ಹೋದರೆ ಒಟ್ಟು ಮೊತ್ತ ನಿಧಾನವಾಗಿ ಉಬ್ಬುತ್ತದೆ, ಅದನ್ನು ತಡೆಯುವುದೇ ಇದರ ಉದ್ದೇಶ.

ಹದಿನಾರಾಣೆಯಲ್ಲಿ ನಾಲ್ಕು ಪೈಸೆ ಮಾಯ

ಈ ಪ್ರಶ್ನೆ ಇಡೀ ದೇಶದ ಮನೆಮನೆಗೂ ಬಂದದ್ದು 1957ರ ಏಪ್ರಿಲ್ 1ರಂದು. ಅಂದು ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ನಯಾ ಪೈಸೆಯ ಲೆಕ್ಕ ಬಂದಿತು. ಒಂದು ಆಣೆಗೆ 6.25 ನಯಾ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ, ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು, ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು ಪೈಸೆ ಸೇರಿಸಬೇಕು ಎಂಬ ನಿಯಮ ಮಾಡಲಾಯಿತು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಬಾರಿಗೆ 16 ಆಣೆ ಕೊಟ್ಟರೆ 100 ಪೈಸೆ. ಅದೇ ಒಂದೊಂದು ಆಣೆಯಂತೆ 16 ಬಾರಿ ಕೊಟ್ಟರೆ 96 ಪೈಸೆ ಮಾತ್ರ. ನಾಲ್ಕು ಪೈಸೆ ಎಲ್ಲಿ ಹೋಯಿತು? ಪ್ರತಿ ಬಾರಿಯೂ ಬಿಟ್ಟ ಕಾಲು ಪೈಸೆಗಳ ಮೊತ್ತವೇ ಆ ನಾಲ್ಕು ಪೈಸೆ. ಸಣ್ಣ ಸಣ್ಣ ಮೊತ್ತಗಳನ್ನು ಬಿಡಿಬಿಡಿಯಾಗಿ ಪೂರ್ಣಾಂಕಕ್ಕೆ ತಂದು ಕೂಡುವುದಕ್ಕೂ, ಎಲ್ಲವನ್ನೂ ಕೂಡಿ ಕೊನೆಯಲ್ಲಿ ಒಮ್ಮೆ ಪೂರ್ಣಾಂಕಕ್ಕೆ ತರುವುದಕ್ಕೂ ಇರುವ ವ್ಯತ್ಯಾಸ ಇದೇ.

ಅಂದಿನಿಂದ ನಾಣ್ಯಗಳು ಇನ್ನೂ ಕಡಿಮೆಯಾಗಿವೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು.

ಕತ್ತರಿಸಿದರೆ ನಷ್ಟ ಸದಾ ಒಂದೇ ಕಡೆಗೆ

ಸಮೀಪದ ಪೂರ್ಣಾಂಕಕ್ಕೆ ತಂದಾಗ ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ ಆಗಿ, ಬಹಳ ಲೆಕ್ಕಗಳಲ್ಲಿ ಇವು ಹೆಚ್ಚುಕಡಿಮೆ ಸರಿಹೋಗುತ್ತವೆ. ಕತ್ತರಿಸುವ ವಿಧಾನದಲ್ಲಿ ಹಾಗಾಗುವುದಿಲ್ಲ. ಪ್ರತಿ ಬಾರಿಯೂ ಕಡಿಮೆಯೇ ಆಗುತ್ತದೆ.

ಶೇಂಗಾ ವಹಿವಾಟು ಮತ್ತು ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಓದುಗರಿಗೆ ಒಂದು ಕಲ್ಪಿತ ಉದಾಹರಣೆ. ರೈತನೊಬ್ಬ 100 ಚೀಲ ಶೇಂಗಾ ತಂದಿದ್ದಾನೆ ಎಂದುಕೊಳ್ಳೋಣ. ಚೀಲದ ಸರಾಸರಿ ತೂಕ 38.5 ಕೆ.ಜಿ. ಪ್ರತಿ ಚೀಲದ ತೂಕದಲ್ಲೂ ಗ್ರಾಂಗಳನ್ನು ಬಿಟ್ಟು ಕೆ.ಜಿ.ಯನ್ನಷ್ಟೇ ಬರೆದರೆ ಚೀಲಕ್ಕೆ ಸರಾಸರಿ ಅರ್ಧ ಕೆ.ಜಿ.ಯಂತೆ ಒಟ್ಟು 50 ಕೆ.ಜಿ. ಲೆಕ್ಕದಿಂದ ಹೊರಗುಳಿಯುತ್ತದೆ. ಅದು ಒಟ್ಟು 3,850 ಕೆ.ಜಿ.ಯ ಶೇ 1.3ರಷ್ಟು. ಕ್ವಿಂಟಲ್‌ಗೆ 6,000 ರೂಪಾಯಿ ಧಾರಣೆ ಎಂದರೂ 3,000 ರೂಪಾಯಿ. ಗ್ರಾಂಗಳನ್ನು ಬಿಡದೆ ಬರೆದು ಕೊನೆಯಲ್ಲಿ ಮಾತ್ರ ಪೂರ್ಣಾಂಕಕ್ಕೆ ತಂದರೆ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬರಲಾರದು.

ಇದೇ ತಪ್ಪು ಕೆನಡಾದ ವ್ಯಾಂಕೂವರ್ ಷೇರುಪೇಟೆಯಲ್ಲಿ ನಡೆದದ್ದು ಜಗತ್ಪ್ರಸಿದ್ಧ. 1982ರ ಜನವರಿಯಲ್ಲಿ 1,000 ಅಂಶದಿಂದ ಆರಂಭವಾದ ಅಲ್ಲಿನ ಸೂಚ್ಯಂಕವನ್ನು ದಿನಕ್ಕೆ ಸುಮಾರು 3,000 ಬಾರಿ ಕಂಪ್ಯೂಟರ್ ಮರುಲೆಕ್ಕ ಹಾಕುತ್ತಿತ್ತು. ಪ್ರತಿ ಬಾರಿಯೂ ಬಿಂದುವಿನ ನಂತರದ ಮೂರು ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸುತ್ತಿತ್ತು. ಷೇರುಗಳು ಚೆನ್ನಾಗಿಯೇ ಇದ್ದರೂ ಸೂಚ್ಯಂಕ ಮಾತ್ರ ಕುಸಿಯುತ್ತಾ 1983ರ ನವೆಂಬರ್ ಹೊತ್ತಿಗೆ 524.811ಕ್ಕೆ ಇಳಿಯಿತು. ಲೆಕ್ಕ ಸರಿಪಡಿಸಿದಾಗ ಬಂದ ನಿಜವಾದ ಸಂಖ್ಯೆ 1098.892. ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಅಂಕಿಯನ್ನು ಪದೇ ಪದೇ ಬಿಟ್ಟದ್ದರಿಂದ ಸೂಚ್ಯಂಕದ ಅರ್ಧಕ್ಕೂ ಹೆಚ್ಚು ಭಾಗ ಮಾಯವಾಗಿತ್ತು.

ಬೆಳೆ ವಿಮೆ ಮತ್ತು ಮಳೆ ಕೊರತೆ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಕಾಳು ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಗರಿಷ್ಠ ಶೇ 2. ಪ್ರದೇಶದ ಬೆಳೆ ಕೊಯ್ಲು ಪ್ರಯೋಗದಲ್ಲಿ ಬಂದ ಇಳುವರಿ, ಮೊದಲೇ ನಿಗದಿಯಾದ ಇಳುವರಿಗಿಂತ ಕಡಿಮೆಯಾದರೆ ಆ ಕೊರತೆಯ ಪ್ರಮಾಣದಲ್ಲಿ ಪರಿಹಾರ ಸಿಗುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಹೆಕ್ಟೇರಿಗೆ ನಿಗದಿತ ಇಳುವರಿ 700 ಕೆ.ಜಿ., ಬಂದ ಇಳುವರಿ 463 ಕೆ.ಜಿ., ವಿಮಾ ಮೊತ್ತ 50,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊರತೆ 237 ಕೆ.ಜಿ., ಅಂದರೆ ಶೇ 33.857. ಬಿಂದುವಿನ ನಂತರದ ಅಂಕಿಗಳನ್ನು ಉಳಿಸಿಕೊಂಡು ಲೆಕ್ಕ ಹಾಕಿದರೆ ಪರಿಹಾರ 16,928 ರೂಪಾಯಿ 57 ಪೈಸೆ. ಶೇಕಡಾವಾರನ್ನೇ ಮೊದಲು ಕತ್ತರಿಸಿ ಶೇ 33 ಎಂದುಕೊಂಡರೆ 16,500 ರೂಪಾಯಿ. ಅದನ್ನು ಶೇ 34 ಎಂದು ಏರಿಸಿದರೆ 17,000 ರೂಪಾಯಿ. ಪ್ರಶ್ನೆ ಒಂದೇ, ಉತ್ತರ ಮೂರು. ಆದ್ದರಿಂದ ಶೇಕಡಾವಾರು ಎಂಬುದು ನಡುವಿನ ಮೆಟ್ಟಿಲು ಮಾತ್ರವಾಗಿರುವಾಗ ಅದನ್ನು ಮುಟ್ಟಬಾರದು. ಕೊನೆಯಲ್ಲಿ ಬರುವ ರೂಪಾಯಿಯನ್ನಷ್ಟೇ ಪೂರ್ಣಾಂಕಕ್ಕೆ ತರಬೇಕು.

ಬರಕ್ಕೆ ಮತ್ತೆ ಮತ್ತೆ ತುತ್ತಾಗುವ ಈ ಎರಡು ತಾಲ್ಲೂಕುಗಳಲ್ಲಿ ಜನ ಪ್ರತಿ ವರ್ಷ ಗಮನಿಸುವ ಇನ್ನೊಂದು ಶೇಕಡಾವಾರು ಮಳೆಯದು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ ಸರಾಸರಿಗಿಂತ ಶೇ 19ರವರೆಗೆ ಹೆಚ್ಚು ಅಥವಾ ಕಡಿಮೆ ಬಂದರೆ ಅದು ‘ವಾಡಿಕೆ’ ಮಳೆ. ಶೇ 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಶೇ 60ರಿಂದ 99ರಷ್ಟು ಕಡಿಮೆಯಾದರೆ ‘ತೀವ್ರ ಕೊರತೆ’. ಈ ಗೆರೆಗಳೆಲ್ಲ ಪೂರ್ಣಾಂಕದಲ್ಲಿವೆ. 19ಕ್ಕೂ 20ಕ್ಕೂ ನಡುವೆ ಬಿದ್ದ ಮಳೆಯ ಗತಿಯೇನು?

500 ಮಿ.ಮೀ. ಬರಬೇಕಿದ್ದಲ್ಲಿ 402 ಮಿ.ಮೀ. ಬಂದಿದೆ ಎಂದುಕೊಂಡರೆ ಕೊರತೆ ಶೇ 19.6. ಸಮೀಪದ ಪೂರ್ಣಾಂಕಕ್ಕೆ ತಂದರೆ ಶೇ 20, ಅಂದರೆ ‘ಕೊರತೆ’. ಕತ್ತರಿಸಿದರೆ ಶೇ 19, ಅಂದರೆ ‘ವಾಡಿಕೆ’. ಹೊಲದಲ್ಲಿ ಬಿದ್ದ ನೀರು ಒಂದೇ ಆಗಿದ್ದರೂ ಪಟ್ಟಿಯಲ್ಲಿ ಅದರ ಹೆಸರು ಬದಲಾಗುತ್ತದೆ. ಬರ ಘೋಷಣೆ ಈ ಒಂದೇ ಅಂಕಿಯ ಮೇಲೆ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮಳೆಯ ಜತೆಗೆ ಬಿತ್ತನೆ ಪ್ರದೇಶ, ಬೆಳೆಯ ಸ್ಥಿತಿ, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಮುಂತಾದವನ್ನೂ ಪರಿಗಣಿಸುತ್ತದೆ.

ಸೀರೆಯ ಬಿಲ್ಲಿನಲ್ಲಿ ಒಂದು ರೂಪಾಯಿ

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೇ ಕಲಮಿನಂತೆ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ತರಬೇಕು. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಬಿಡಬೇಕು.

ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯೊಂದರ ಬೆಲೆ 11,250 ರೂಪಾಯಿ ಎಂದುಕೊಳ್ಳೋಣ. ರೇಷ್ಮೆ ಬಟ್ಟೆಗೆ ಶೇ 5ರಂತೆ ತೆರಿಗೆ 562 ರೂಪಾಯಿ 50 ಪೈಸೆ. ಒಟ್ಟಾಗಿ ಪೂರ್ಣಾಂಕಕ್ಕೆ ತಂದರೆ 563 ರೂಪಾಯಿ. ಆದರೆ ಬಿಲ್ಲಿನಲ್ಲಿ ಕೇಂದ್ರದ ಪಾಲು ಶೇ 2.5, ರಾಜ್ಯದ ಪಾಲು ಶೇ 2.5 ಎಂದು ಎರಡು ಸಾಲು ಇರುತ್ತವೆ. ಒಂದೊಂದೂ 281 ರೂಪಾಯಿ 25 ಪೈಸೆ. ಇವನ್ನು ಬೇರೆ ಬೇರೆಯಾಗಿ ರೂಪಾಯಿಗೆ ತಂದರೆ 281 ಮತ್ತು 281, ಒಟ್ಟು 562. ಇಲ್ಲಿ ಯಾರೂ ಮೋಸ ಮಾಡಿಲ್ಲ. ಬಿಡಿಯಾಗಿ ಮಾಡಿದ ಲೆಕ್ಕಕ್ಕೂ ಇಡಿಯಾಗಿ ಮಾಡಿದ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಷ್ಟೆ.

ಠೇವಣಿಯ ಆರನೇ ಒಂದು ಭಾಗ

ಚಳ್ಳಕೆರೆ ಮತ್ತು ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿ ಸ್ಪರ್ಧಿಸುವ ಅಭ್ಯರ್ಥಿ ಇಡಬೇಕಾದ ಠೇವಣಿ 5,000 ರೂಪಾಯಿ. 1951ರ ಜನಪ್ರತಿನಿಧಿ ಕಾಯ್ದೆಯಂತೆ, ಸೋತ ಅಭ್ಯರ್ಥಿ ಠೇವಣಿ ಉಳಿಸಿಕೊಳ್ಳಬೇಕಾದರೆ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆದಿರಬೇಕು.

ಆರನೇ ಒಂದು ಭಾಗವನ್ನು ಶೇಕಡಾವಾರಿನಲ್ಲಿ ಬರೆದರೆ 16.666 ಎಂದು ಕೊನೆಯಿಲ್ಲದೆ ಸಾಗುತ್ತದೆ. ಪತ್ರಿಕೆಗಳು ಕೆಲವೊಮ್ಮೆ 16.66 ಎಂದೂ ಕೆಲವೊಮ್ಮೆ 16.67 ಎಂದೂ ಬರೆಯುವುದುಂಟು. ಒಟ್ಟು 1,80,000 ಸಿಂಧು ಮತಗಳಿದ್ದರೆ ನಿಜವಾದ ಗೆರೆ 30,000. ಶೇ 16.66ರ ಲೆಕ್ಕದಲ್ಲಿ ಅದು 29,988 ಆಗುತ್ತದೆ. ಶೇ 16.67ರ ಲೆಕ್ಕದಲ್ಲಿ 30,006 ಆಗುತ್ತದೆ. 29,995 ಮತ ಪಡೆದವರು ಮೊದಲ ಲೆಕ್ಕದಲ್ಲಿ ಠೇವಣಿ ಉಳಿಸಿಕೊಂಡಂತೆ ಕಾಣುತ್ತಾರೆ, 30,003 ಮತ ಪಡೆದವರು ಎರಡನೆಯ ಲೆಕ್ಕದಲ್ಲಿ ಕಳೆದುಕೊಂಡಂತೆ ಕಾಣುತ್ತಾರೆ. ಎರಡೂ ತಪ್ಪು. ಕಾಯ್ದೆ ‘ಶೇಕಡಾ’ ಎನ್ನದೆ ‘ಆರನೇ ಒಂದು ಭಾಗ’ ಎಂದಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಮತವನ್ನು ಆರರಿಂದ ಗುಣಿಸಿ ಒಟ್ಟು ಮತಗಳೊಂದಿಗೆ ಹೋಲಿಸಿದರೆ ಸಾಕು, ಬಿಂದುವೇ ಬರುವುದಿಲ್ಲ.

ಬಿಂದುವಿನ ಗೊಂದಲ ಶಾಸನಸಭೆಯ ಬಲಾಬಲವನ್ನೇ ಅದಲುಬದಲು ಮಾಡಿದ ಉದಾಹರಣೆಯೂ ಇದೆ. 1992ರ ಏಪ್ರಿಲ್‌ನಲ್ಲಿ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಚುನಾವಣೆಯಲ್ಲಿ ಗ್ರೀನ್ ಪಕ್ಷ ಶೇ 4.97 ಮತ ಪಡೆದಿತ್ತು. ಅಲ್ಲಿ ಸ್ಥಾನ ಪಡೆಯಲು ಕನಿಷ್ಠ ಶೇ 5 ಮತ ಬೇಕು. ಕಂಪ್ಯೂಟರ್ ಒಂದೇ ದಶಮಾಂಶ ತೋರಿಸುತ್ತಿದ್ದುದರಿಂದ ಅದು ಶೇ 5.0 ಎಂದು ಮುದ್ರಿತವಾಯಿತು. ತಪ್ಪು ತಿಳಿದ ಮೇಲೆ ಪಕ್ಷಕ್ಕೆ ಸ್ಥಾನ ಸಿಗಲಿಲ್ಲ, ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಒಂದು ಸ್ಥಾನದ ಬಹುಮತ ದೊರೆಯಿತು.

ನ್ಯಾಯಾಲಯ ಹೇಳಿದ್ದೇನು?

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ನೀಡಿದ ಎರಡು ತೀರ್ಪುಗಳು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುತ್ತವೆ.

ಉತ್ತರ ಪ್ರದೇಶದ ನೇಮಕಾತಿ ಪ್ರಕರಣವೊಂದರಲ್ಲಿ 93 ಹುದ್ದೆಗಳಲ್ಲಿ ಅರ್ಧದಷ್ಟು ಸಾಮಾನ್ಯ ವರ್ಗಕ್ಕೆ ಸೇರಬೇಕಿತ್ತು. ಲೆಕ್ಕಕ್ಕೆ ಬಂದುದು 46.5 ಹುದ್ದೆ. ಅಧಿಕಾರಿಗಳು 46 ಎಂದಿಟ್ಟರು. 2005ರಲ್ಲಿ ನ್ಯಾಯಾಲಯ ಇದನ್ನು ಒಪ್ಪದೆ, ಅರ್ಧ ಅಥವಾ ಹೆಚ್ಚಿದ್ದರೆ ಒಂದೆಂದು ಎಣಿಸುವುದೇ ಸಾಮಾನ್ಯ ವಿವೇಕ, ಆದ್ದರಿಂದ 47 ಆಗಬೇಕು ಎಂದಿತು.

ಒಡಿಶಾ ನ್ಯಾಯಾಂಗ ಸೇವೆಯ ಪರೀಕ್ಷೆಯಲ್ಲಿ ಅಭ್ಯರ್ಥಿಯೊಬ್ಬರು 750ಕ್ಕೆ 337 ಅಂಕ ಪಡೆದಿದ್ದರು. ಅದು ಶೇ 44.93. ನಿಯಮದಂತೆ ಒಟ್ಟಾರೆ ಶೇ 45ಕ್ಕೆ ಕಡಿಮೆ ಇರಕೂಡದು. ಅರ್ಧ ಅಂಕ ಸಾಲದಾಯಿತು. ಅದನ್ನು ಶೇ 45 ಎಂದು ಪರಿಗಣಿಸಲು ಹೈಕೋರ್ಟ್ ಒಪ್ಪಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಿಯಮದಲ್ಲಿ ಅವಕಾಶವಿಲ್ಲದಿರುವಾಗ ಅಂಕವನ್ನು ಏರಿಸಲಾಗದು ಎಂಬುದು ತೀರ್ಪಿನ ಸಾರ.

ವಿರೋಧ ಕೇವಲ ತೋರಿಕೆಯದು. ಅರ್ಧ ಹುದ್ದೆ ಎಂಬುದು ಇರಲಾರದು, ಆದ್ದರಿಂದ ಯಾವುದಾದರೂ ಒಂದು ಪೂರ್ಣಾಂಕವನ್ನು ಆಯಲೇಬೇಕು. ಆಗ ಸಮೀಪದ ಪೂರ್ಣಾಂಕ ನ್ಯಾಯವಾದುದು. ಆದರೆ ‘ಕನಿಷ್ಠ ಇಷ್ಟು’ ಎಂದು ಗೆರೆ ಎಳೆದಾಗ ಪಡೆದದ್ದನ್ನು ಆ ಗೆರೆಯೊಂದಿಗೆ ಇದ್ದಂತೆಯೇ ಹೋಲಿಸಬಹುದು. ಅಲ್ಲಿ ಪೂರ್ಣಾಂಕದ ಅಗತ್ಯವೇ ಇಲ್ಲ.

‘ಕನಿಷ್ಠ’ ಎಂಬ ಮಾತಿಗೆ ಈ ನೆಲದಲ್ಲಿ ದೀರ್ಘ ಇತಿಹಾಸವಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನದಲ್ಲಿ, ಧರ್ಮಕಾರ್ಯ ಕನಿಷ್ಠ ಒಂದೂವರೆ ಪಟ್ಟು ವೃದ್ಧಿಯಾಗಲಿದೆ ಎಂಬ ಅರ್ಥದ ಮಾತು ಬರುತ್ತದೆ. ಅದರ ಬೆನ್ನಿಗೇ 256 ಎಂಬ ಸಂಖ್ಯೆಯನ್ನು ಅಂಕಿಗಳಲ್ಲಿ ಕೊರೆಯಲಾಗಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ರಾಜಾಜ್ಞೆಯಲ್ಲಿ ಸಂಖ್ಯೆಯ ಜತೆಗೆ ಅದನ್ನು ಹೇಗೆ ತಿಳಿಯಬೇಕೆಂಬ ಮಾತೂ ಇದೆ.

ಎಸ್ಸೆಸ್ಸೆಲ್ಸಿಯ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ‘ಶೇ 33ಕ್ಕೆ ಕಡಿಮೆ ಇರಕೂಡದು’ ಎಂದಷ್ಟೇ ನಿಯಮವಿದ್ದಿದ್ದರೆ ಕಟ್ಟುನಿಟ್ಟಿನ ಓದಿನಲ್ಲಿ 207 ಅಂಕ ಬೇಕಾಗುತ್ತಿತ್ತು. 206 ಎಂಬ ಸಂಖ್ಯೆಯನ್ನೇ ಪ್ರಕಟಿಸಿರುವುದರಿಂದ ವಿದ್ಯಾರ್ಥಿ ಬಿಂದುವಿನ ಲೆಕ್ಕಕ್ಕೆ ಹೆದರಬೇಕಿಲ್ಲ. ಶೇಕಡಾವಾರಿನ ಜತೆಗೆ ಅಂಕವನ್ನೂ ಬರೆದು ಹೇಳುವ ಪದ್ಧತಿ ಎಲ್ಲ ಅಧಿಸೂಚನೆಗಳಲ್ಲೂ ಇರಬೇಕು ಎನ್ನುವುದು ಇದಕ್ಕಾಗಿಯೇ.

ಎರಡು ಬಾರಿ ಮಾಡಿದರೆ ತಪ್ಪು

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಶೇಕಡಾವಾರಿನಲ್ಲಿ ಇದು 94.49. ಒಂದು ದಶಮಾಂಶಕ್ಕೆ ತಂದರೆ 94.5. ವರದಿಯಲ್ಲಿ ಈ 94.5ನ್ನು ನೋಡಿದ ಇನ್ನೊಬ್ಬರು ಅದನ್ನು ಪೂರ್ಣಾಂಕಕ್ಕೆ ತಂದರೆ 95. ಆದರೆ ಮೂಲ ಸಂಖ್ಯೆಯಿಂದ ನೇರವಾಗಿ ತಂದರೆ ಬರುವುದು 94. ಎರಡು ಹಂತದಲ್ಲಿ ಪೂರ್ಣಾಂಕಕ್ಕೆ ತಂದುದರಿಂದ ಒಂದು ಶೇಕಡಾ ಹೆಚ್ಚಾಯಿತು. ಐಎಸ್ 2 ಮಾನಕವೂ ಇಂಥ ಹಂತಹಂತದ ವಿಧಾನ ಕೂಡದೆಂದು ಎಚ್ಚರಿಸುತ್ತದೆ.

1961ರ ಆದಾಯ ತೆರಿಗೆ ಕಾಯ್ದೆ ಈ ಅಪಾಯವನ್ನು ಜಾಣತನದಿಂದ ತಪ್ಪಿಸಿತ್ತು. ಅದರ 288ಎ ಕಲಮಿನಂತೆ ಆದಾಯದ ಪೈಸೆಗಳನ್ನು ಮೊದಲು ಪೂರ್ತಿ ಬಿಟ್ಟು, ಅನಂತರ ಸಮೀಪದ ಹತ್ತು ರೂಪಾಯಿಗೆ ತರಬೇಕಿತ್ತು. 4,87,654 ರೂಪಾಯಿ 90 ಪೈಸೆ ಇದ್ದರೆ ಪೈಸೆ ಬಿಟ್ಟು 4,87,654, ಅನಂತರ 4,87,650. ಪೈಸೆಯನ್ನೂ ಏರಿಸಿದ್ದರೆ ಅದು 4,87,655 ಆಗಿ, ಮುಂದೆ 4,87,660 ಆಗುತ್ತಿತ್ತು.

ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸುವವರೂ ಎಚ್ಚರ ವಹಿಸಬೇಕು. ದಶಮಾಂಶ ಕಾಣದಂತೆ ಮಾಡಿದರೆ ಪರದೆಯ ಮೇಲಿನ ಸಂಖ್ಯೆ ಮಾತ್ರ ಪೂರ್ಣಾಂಕವಾಗುತ್ತದೆ, ಒಳಗಿನ ಸಂಖ್ಯೆ ಹಾಗೆಯೇ ಇರುತ್ತದೆ. ಕಾಣುವ ಸಂಖ್ಯೆಗಳನ್ನು ಕೈಯಲ್ಲಿ ಕೂಡಿದರೆ ಮೊತ್ತ ಹೊಂದದಿರಲು ಇದೇ ಕಾರಣ. ‘ರೌಂಡ್’ ಸೂತ್ರ ಸಮೀಪದ ಪೂರ್ಣಾಂಕಕ್ಕೆ ತರುತ್ತದೆ, ‘ಟ್ರಂಕ್’ ಸೂತ್ರ ಕತ್ತರಿಸುತ್ತದೆ, ‘ಇಂಟ್’ ಸೂತ್ರ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಮಳೆ ಕೊರತೆಯಂಥ ಋಣ ಸಂಖ್ಯೆಯಲ್ಲಿ ಕೊನೆಯ ಎರಡರ ಉತ್ತರವೂ ಬೇರೆಯಾಗುತ್ತದೆ. ಮೈನಸ್ 19.6ಕ್ಕೆ ‘ಟ್ರಂಕ್’ ಕೊಡುವುದು ಮೈನಸ್ 19, ‘ಇಂಟ್’ ಕೊಡುವುದು ಮೈನಸ್ 20.

ನೆನಪಿಡಬೇಕಾದ ಅಂಶಗಳು

* ನಡುವಿನ ಲೆಕ್ಕದಲ್ಲಿ ಬಿಂದುವಿನ ನಂತರದ ಅಂಕಿಗಳನ್ನು ಉಳಿಸಿಕೊಳ್ಳಿ. ಪೂರ್ಣಾಂಕಕ್ಕೆ ತರುವುದು ಕೊನೆಯಲ್ಲಿ, ಒಮ್ಮೆ ಮಾತ್ರ.

* ಹಲವು ಸಣ್ಣ ಮೊತ್ತಗಳಿದ್ದರೆ ಮೊದಲು ಕೂಡಿ, ಅನಂತರ ಪೂರ್ಣಾಂಕಕ್ಕೆ ತನ್ನಿ.

* ‘ಕನಿಷ್ಠ’ ಅಥವಾ ‘ಮೀರಬಾರದು’ ಎಂಬ ಗೆರೆ ಇರುವಲ್ಲಿ ಪೂರ್ಣಾಂಕ ಬೇಡ. ಇದ್ದ ಸಂಖ್ಯೆಯನ್ನೇ ಹೋಲಿಸಿ.

* ಯಾವುದೇ ಅರ್ಜಿ, ಬಿಲ್ಲು, ವಿಮೆ ಪತ್ರದಲ್ಲಿ ಶೇಕಡಾವಾರು ಕಂಡರೆ ಅದು ಯಾವ ವಿಧಾನದಿಂದ ಬಂದದ್ದು ಎಂದು ಕೇಳಿ. ನಿಯಮ ಲಿಖಿತವಾಗಿದ್ದರೆ ಅದೇ ಅಂತಿಮ.

* ಕಚೇರಿಯ ಲೆಕ್ಕದಲ್ಲಿ ಸಂದೇಹ ಬಂದರೆ ಶೇಕಡಾವಾರನ್ನು ಬಿಟ್ಟು ಮೂಲ ಸಂಖ್ಯೆಗಳನ್ನು ಕೇಳಿ ಪಡೆಯಿರಿ. ಎಷ್ಟಕ್ಕೆ ಎಷ್ಟು ಎಂಬುದು ತಿಳಿದರೆ ಉಳಿದ ಲೆಕ್ಕವನ್ನು ಯಾರು ಬೇಕಾದರೂ ಪರಿಶೀಲಿಸಬಹುದು.